22 ರೈಫಲ್ ಒಟ್ಟಿಗೆ ಕೈಕೊಟ್ಟರೆ ತಪ್ಪು ಯಾರದ್ದು?

2019ರ ಆಗಸ್ಟ್ 21. ಬಿಹಾರದ ಸುಪೌಲ್ ಜಿಲ್ಲೆಯಲ್ಲಿ ಮಾಜಿ ಮುಖ್ಯಮಂತ್ರಿ ಜಗನ್ನಾಥ ಮಿಶ್ರಾ ಅವರ ಅಂತ್ಯಸಂಸ್ಕಾರ. ಸಕಲ ಸರ್ಕಾರಿ ಗೌರವ, ಸ್ಥಳದಲ್ಲಿ ಮುಖ್ಯಮಂತ್ರಿ ನಿತೀಶ್ ಕುಮಾರ್. ಕುಶಾಲತೋಪು ಹಾರಿಸಲು ಪೊಲೀಸರು ರೈಫಲ್ ಎತ್ತಿ ಟ್ರಿಗರ್ ಎಳೆದರು. 22 ರೈಫಲ್‌ಗಳಲ್ಲಿ ಒಂದೂ ಸದ್ದು ಮಾಡಲಿಲ್ಲ.

ವಿಡಿಯೋ ನೋಡಿ ಎಲ್ಲರೂ ನಕ್ಕರು. ಎಂಜಿನಿಯರಿಂಗ್ ಓದಿದ ನನ್ನ ತಲೆಯಲ್ಲಿ ಉಳಿದದ್ದು ಮಾತ್ರ ಆ 22 ಅನ್ನೋ ಸಂಖ್ಯೆ. ಯಾಕೆ ಅಂತ ಹೇಳೋಕೆ ಮೊದಲು ರೈಫಲ್ ಒಳಗೆ ಏನಾಗುತ್ತೆ ಅಂತ ನೋಡಬೇಕು.

ಗುಂಡು ಹಾರೋದು ಹೇಗೆ?

ನಮ್ಮ ಪೊಲೀಸರ ಹೆಗಲ ಮೇಲೆ ದಶಕಗಳ ಕಾಲ ಇದ್ದ 'ತ್ರೀ ನಾಟ್ ತ್ರೀ'ಯನ್ನೇ ತಗೊಳ್ಳಿ. ಇದು ಲೀ-ಎನ್‌ಫೀಲ್ಡ್ ಎಂಬ ಬ್ರಿಟಿಷ್ ಕಾಲದ ಬೋಲ್ಟ್ ಆಕ್ಷನ್ ರೈಫಲ್. ಬಂಗಾಳದ ಇಶಾಪುರ ಕಾರ್ಖಾನೆಯಲ್ಲೂ ತಯಾರಾಗ್ತಿತ್ತು. 1962ರ ಚೀನಾ ಯುದ್ಧದಲ್ಲಿ ನಮ್ಮ ಸೈನಿಕರ ಕೈಯಲ್ಲಿದ್ದದ್ದೂ ಇದೇ.

ಮನೆ ಬಾಗಿಲಿನ ಚಿಲಕದ ಹಾಗೆ ಬೋಲ್ಟನ್ನು ಮುಂದೆ ತಳ್ಳಿ, ಕೆಳಕ್ಕೆ ಮಡಚಬೇಕು. ಆಗ ಕಾಡತೂಸು ನಳಿಗೆಯೊಳಗೆ ಕೂರುತ್ತೆ, ಸ್ಪ್ರಿಂಗ್ ಬಿಗಿಯಾಗುತ್ತೆ. ಟ್ರಿಗರ್ ಎಳೆದರೆ ಸ್ಪ್ರಿಂಗ್ ಸಡಿಲಗೊಂಡು ಫೈರಿಂಗ್ ಪಿನ್ ಮುಂದೆ ಚಿಮ್ಮಿ, ಕಾಡತೂಸಿನ ಹಿಂಬದಿಯಲ್ಲಿರೋ ಪ್ರೈಮರ್‌ಗೆ ಬಡಿಯುತ್ತೆ. ಪ್ರೈಮರ್ ಕಿಡಿ ಕಾರಿ ಮದ್ದು ಹೊತ್ತಿಕೊಳ್ಳುತ್ತೆ. ಈ ಸರಪಳಿಯಲ್ಲಿ ಒಂದು ಕೊಂಡಿ ಕಳಚಿದರೂ 'ಟಿಕ್' ಅನ್ನೋ ಸದ್ದು ಮಾತ್ರ.

ಸಾಕ್ಷಿ ಇರೋದು ಪ್ರೈಮರ್ ಮೇಲೆ

ಗುಂಡು ಹಾರದಿದ್ದಾಗ ಮೊದಲ ನಿಯಮ: ಬೋಲ್ಟ್ ತೆಗೀಬಾರದು. ನಳಿಗೆಯನ್ನು ಸುರಕ್ಷಿತ ದಿಕ್ಕಿಗೇ ಹಿಡಿದು ಕನಿಷ್ಠ 30 ಸೆಕೆಂಡ್ ಕಾಯಬೇಕು. ಮದ್ದು ಕೆಲವೊಮ್ಮೆ ತಡವಾಗಿ ಹೊತ್ತಿಕೊಳ್ಳುತ್ತೆ.

ಆಮೇಲೆ ಕಾಡತೂಸು ಹೊರತೆಗೆದು ಪ್ರೈಮರ್ ನೋಡಬೇಕು.

ಗುರುತೇ ಇಲ್ಲ ಅಂದ್ರೆ ಪಿನ್ ಅಲ್ಲಿಗೆ ತಲುಪಿಲ್ಲ. ಪಿನ್ ತುದಿ ಮುರಿದಿರಬಹುದು, ಅಥವಾ ಬೋಲ್ಟ್ ಪೂರ್ತಿ ಮುಚ್ಚಿಲ್ಲದೇ ಇರಬಹುದು.

ಗುರುತು ತೆಳುವಾಗಿದ್ದರೆ ಪೆಟ್ಟು ಸಾಲಲಿಲ್ಲ ಅಂತ. ಸ್ಪ್ರಿಂಗ್ ಸೋತಿರಬಹುದು, ಬೋಲ್ಟಿನೊಳಗೆ ಹಳೆ ಗ್ರೀಸ್ ಅಂಟಾಗಿ ಪಿನ್ನನ್ನು ತಡೆದಿರಬಹುದು, ಒಂದು ರೈಫಲ್‌ನ ಬೋಲ್ಟ್ ಇನ್ನೊಂದಕ್ಕೆ ಹಾಕಿದ್ದರಿಂದ ಅಳತೆ ತಪ್ಪಿರಬಹುದು. ಬೋಲ್ಟಿಗೂ ರೈಫಲ್‌ಗೂ ಒಂದೇ ನಂಬರ್ ಕೆತ್ತೋದು ಇದಕ್ಕೇ.

ಗುರುತು ಆಳವಾಗಿ, ಸ್ಪಷ್ಟವಾಗಿದ್ದರೆ ರೈಫಲ್ ತನ್ನ ಕೆಲಸ ಮಾಡಿದೆ. ಅನುಮಾನ ಹೋಗಬೇಕಾದ್ದು ಕಾಡತೂಸಿನ ಮೇಲೆ: ತೇವ ಹೊಕ್ಕಿದೆ, ಎಣ್ಣೆ ಇಳಿದಿದೆ ಅಥವಾ ಹಳತಾಗಿದೆ.

ಇನ್ನೂ ಗೊಂದಲ ಇದ್ದರೆ ಅದಲುಬದಲು ಪರೀಕ್ಷೆ. ಅದೇ ರೈಫಲ್‌ಗೆ ಬೇರೆ ಪೆಟ್ಟಿಗೆಯ ಕಾಡತೂಸು ಹಾಕಿ ನೋಡೋದು. ಬಲ್ಬ್ ಉರಿಯದಿದ್ದರೆ ಬೇರೆ ಹೋಲ್ಡರ್‌ಗೆ ಹಾಕಿ ನೋಡ್ತೀವಲ್ಲ, ಅದೇ ಲೆಕ್ಕ.

ಒಂದು ಕೆಟ್ಟರೆ ಯಂತ್ರ, ಎಲ್ಲವೂ ಕೆಟ್ಟರೆ ವ್ಯವಸ್ಥೆ

ಈಗ ಸುಪೌಲ್‌ಗೆ ವಾಪಸ್ ಬರೋಣ. ರೈಫಲ್ ಯಾವ ಮಾದರಿಯದೇ ಆಗಿರಲಿ, ಮೊದಲ ಗುಂಡು ಹಾರೋ ತತ್ವ ಒಂದೇ. ಒಂದು ಪಿನ್ ಮುರಿಯೋದು ಆಕಸ್ಮಿಕ. 22 ಪಿನ್‌ಗಳು ಒಂದೇ ನಿಮಿಷದಲ್ಲಿ ಮುರಿಯೋದಿಲ್ಲ. ಎಲ್ಲವೂ ಒಟ್ಟಿಗೆ ಸೋತಾಗ ಅವುಗಳ ನಡುವೆ ಸಮಾನವಾಗಿರೋದು ಏನು ಅಂತ ಹುಡುಕಬೇಕು. ಒಂದೇ ಕಂತಿನ ಕಾಡತೂಸು, ಒಂದೇ ಗೋದಾಮು, ಒಂದೇ ನಿರ್ವಹಣಾ ವೇಳಾಪಟ್ಟಿ. ಇದರಲ್ಲಿ ಯಾವುದೂ ಟ್ರಿಗರ್ ಎಳೆದ ಕಾನ್‌ಸ್ಟೆಬಲ್‌ನ ಕೈಯಲ್ಲಿ ಇರಲ್ಲ. ಆದರೆ ವಿಡಿಯೋದಲ್ಲಿ ಕಂಡದ್ದು, ನಗೆಪಾಟಲಾದದ್ದು ಆತನೇ.

ಪೊಲೀಸ್ ಇಲಾಖೆ ರಾಜ್ಯಪಟ್ಟಿಯ ವಿಷಯ. ಪೊಲೀಸ್ ಆಧುನೀಕರಣಕ್ಕೆ ಕೇಂದ್ರದ ಯೋಜನೆ 1969-70ರಿಂದಲೇ ಇದೆ. ಆದರೂ ಉತ್ತರ ಪ್ರದೇಶದ ಪೊಲೀಸರು ತ್ರೀ ನಾಟ್ ತ್ರೀಗೆ ವಿದಾಯ ಹೇಳಿದ್ದು 2020ರ ಗಣರಾಜ್ಯೋತ್ಸವ ಪರೇಡ್‌ನಲ್ಲಿ. ಹೊಸ ರೈಫಲ್ ಬಂದ ಮಾತ್ರಕ್ಕೆ ಸಮಸ್ಯೆ ಮುಗಿಯಲ್ಲ ಅನ್ನೋದೂ ನಿಜ. ಕಾಡತೂಸು ಒಣಗಿದ ಜಾಗದಲ್ಲಿ ಇರದಿದ್ದರೆ, ಆಗಾಗ ಹಾರಿಸಿ ನೋಡದಿದ್ದರೆ ಹೊಸತೂ 'ಟಿಕ್' ಅನ್ನುತ್ತೆ. ಖರೀದಿಗೆ ಉದ್ಘಾಟನೆ ಇರುತ್ತೆ, ಫೋಟೋ ಇರುತ್ತೆ. ಗ್ರೀಸ್ ಒರೆಸೋದಕ್ಕೆ ಯಾವ ಸಚಿವರೂ ರಿಬ್ಬನ್ ಕತ್ತರಿಸಲ್ಲ.

ಸುಪೌಲ್‌ನಲ್ಲಿ ಹೋದದ್ದು ಮರ್ಯಾದೆ ಮಾತ್ರ. ಶಸ್ತ್ರಸಜ್ಜಿತ ದರೋಡೆಕೋರರ ಎದುರು ಅದೇ 'ಟಿಕ್' ಕೇಳಿಸಿದ್ದರೆ ಹೋಗ್ತಿದ್ದದ್ದು ಪ್ರಾಣ. ಹಾಗಾಗಿ ಇಂಥ ಸುದ್ದಿ ಮುಂದೆ ಬಂದಾಗ 'ಯಾರನ್ನು ಸಸ್ಪೆಂಡ್ ಮಾಡಿದ್ರು?' ಅಂತ ಕೇಳೋದು ಸಾಲದು. ಕಾಡತೂಸು ಯಾವ ವರ್ಷದ್ದು, ಎಲ್ಲಿ ಇಟ್ಟಿದ್ದರು, ಕೊನೆಯದಾಗಿ ಹಾರಿಸಿ ನೋಡಿದ್ದು ಯಾವಾಗ, ಆ ಪುಸ್ತಕದಲ್ಲಿ ಸಹಿ ಯಾರದ್ದು? ನಾವು ಕೇಳಬೇಕಾದ್ದು ಈ ನಾಲ್ಕು ಪ್ರಶ್ನೆ.