ಸೂಳಗಿರಿಯಿಂದ ಸಿಂಗಾಪುರಕ್ಕೆ: ಟಿಕೆಟ್‌ಗಿಂತ ಮೊದಲು ಹೆಸರು ಸರಿ ಇರಲಿ

ಸೂಳಗಿರಿ: ತಿರುಪತಿ, ಧರ್ಮಸ್ಥಳಕ್ಕೆ ವ್ಯಾನ್ ಮಾಡಿಕೊಂಡು ಹೋಗುತ್ತಿದ್ದ ಗಡಿ ಭಾಗದ ಕುಟುಂಬಗಳಲ್ಲಿ ಈಗ ಸಿಂಗಾಪುರದ ಮಾತೂ ಕೇಳಿಬರುತ್ತಿದೆ. ಅಣ್ಣ ತಮ್ಮಂದಿರು, ಬೀಗರು, ಅಜ್ಜಿ, ಮೊಮ್ಮಕ್ಕಳು ಸೇರಿ ಹತ್ತು ಜನ. ಶುಕ್ರವಾರ ರಾತ್ರಿ ಹೊರಟು ಸೋಮವಾರ ಬೆಳಿಗ್ಗೆ ವಾಪಸು. ಬೆಂಗಳೂರಿನಿಂದ ವಿಮಾನದಲ್ಲಿ ಸುಮಾರು ನಾಲ್ಕೂವರೆ ಗಂಟೆ ಪ್ರಯಾಣ. ಆದರೆ ವ್ಯಾನಿನಲ್ಲಿ ಒಬ್ಬರು ಹೆಚ್ಚಾದರೆ ಒತ್ತಿಕೊಂಡು ಕೂರಬಹುದು. ಇಲ್ಲಿ ಒಬ್ಬರ ಕಾಗದ ಸರಿ ಇಲ್ಲದಿದ್ದರೆ ಅವರನ್ನು ಮನೆಯಲ್ಲೇ ಬಿಟ್ಟು ಹೋಗಬೇಕಾಗುತ್ತದೆ.

ಬಸಪ್ಪ ಪಸಪ್ಪ ಆದಾಗ

ಗಡಿ ಭಾಗದವರಿಗೆ ಮೊದಲ ತೊಡಕು ಹೆಸರಿನದೇ. ತಮಿಳು ಲಿಪಿಯಲ್ಲಿ ಕ, ಗ ಎರಡಕ್ಕೂ ಒಂದೇ ಅಕ್ಷರ. ಪ, ಬ ಎರಡಕ್ಕೂ ಒಂದೇ. ಕನ್ನಡದ ಗಂಗಮ್ಮ, ಬಸಪ್ಪ ಎಂಬ ಹೆಸರುಗಳು ತಮಿಳು ದಾಖಲೆಯಿಂದ ಇಂಗ್ಲಿಷಿಗೆ ಹೋಗುವಾಗ ಕಂಗಮ್ಮ, ಪಸಪ್ಪ ಆಗಿಬಿಡಬಹುದು. ತಾಯಿ ತವರು ಆನೇಕಲ್ಲೋ ಮಾಲೂರೋ ಆಗಿದ್ದರೆ ಜನನ ಪತ್ರ ಕರ್ನಾಟಕದ್ದು, ಆಧಾರ್ ತಮಿಳುನಾಡಿನದು. ಎರಡರಲ್ಲೂ ಸ್ಪೆಲ್ಲಿಂಗ್ ಬೇರೆ ಬೇರೆ. ಇದರ ಮೇಲೆ ಇನಿಶಿಯಲ್ ಬೇರೆ. ಪಾಸ್‌ಪೋರ್ಟ್ ಅರ್ಜಿಯಲ್ಲಿ ಇನಿಶಿಯಲ್ ಬಿಡಿಸಿ ತಂದೆ ಅಥವಾ ಊರಿನ ಹೆಸರನ್ನು ಪೂರ್ತಿ ಬರೆಯಬೇಕು.

ಆದ್ದರಿಂದ ಟಿಕೆಟ್ ಅಗ್ಗಕ್ಕೆ ಸಿಕ್ಕಿತು ಅಂತ ಮೊದಲೇ ಕೊಳ್ಳುವುದು ಬೇಡ. ಹತ್ತೂ ಜನರ ಆಧಾರ್, ಜನನ ಪತ್ರ ಅಥವಾ ಶಾಲಾ ದಾಖಲೆ, ಪ್ಯಾನ್ ಕಾರ್ಡ್ ಒಂದು ಕಡೆ ಹರಡಿಕೊಂಡು ಅಕ್ಷರ ಅಕ್ಷರ ತಾಳೆ ನೋಡಬೇಕು. ತಪ್ಪಿದ್ದರೆ ಮೊದಲು ಆಧಾರ್ ಸರಿ ಮಾಡಿಸಿ, ಆಮೇಲೆ ಪಾಸ್‌ಪೋರ್ಟ್. 2018ರಿಂದ ಪಾಸ್‌ಪೋರ್ಟ್ ಅರ್ಜಿಯನ್ನು ದೇಶದ ಯಾವ ಕೇಂದ್ರದಲ್ಲಾದರೂ ಹಾಕಬಹುದು. ಪೊಲೀಸ್ ಪರಿಶೀಲನೆ ಮಾತ್ರ ಅರ್ಜಿಯಲ್ಲಿರುವ ವಿಳಾಸದ ಠಾಣೆಯಿಂದಲೇ. ಹಳೇ ಪಾಸ್‌ಪೋರ್ಟ್ ಇದ್ದವರೂ ದಿನಾಂಕ ನೋಡಿಕೊಳ್ಳಬೇಕು. ಅದು ಕನಿಷ್ಠ ಆರು ತಿಂಗಳು ಚಾಲ್ತಿಯಲ್ಲಿರಬೇಕು. ಟಿಕೆಟ್‌ನಲ್ಲೂ ಪಾಸ್‌ಪೋರ್ಟಿನಲ್ಲಿದ್ದಂತೆಯೇ ಹೆಸರು ಇರಬೇಕು.

ವೀಸಾ ಮತ್ತು ಲೆಕ್ಕ

ಭಾರತೀಯರಿಗೆ ಸಿಂಗಾಪುರದ ವೀಸಾ ಕಡ್ಡಾಯ. ಅಧಿಕೃತ ಏಜೆಂಟರ ಮೂಲಕ ಅರ್ಜಿ ಹಾಕಬೇಕು. ಶುಲ್ಕ ತಲೆಗೆ 30 ಸಿಂಗಾಪುರ ಡಾಲರ್, ವೀಸಾ ಸಿಗದಿದ್ದರೂ ವಾಪಸು ಬರುವುದಿಲ್ಲ. ಹತ್ತು ಜನಕ್ಕೆ 300 ಡಾಲರ್. ಏಜೆಂಟರ ಕಮಿಷನ್ ಬೇರೆ. ಗುಂಪಾಗಿ ಹೋದರೂ ವೀಸಾ ಒಬ್ಬೊಬ್ಬರಿಗೇ ಆಗುವುದು. ಎಲ್ಲರದೂ ಕೈಗೆ ಬಂದ ಮೇಲೆಯೇ ಟಿಕೆಟ್ ಹಣ ಕಟ್ಟುವುದು ಕ್ಷೇಮ.

ಸಿಂಗಾಪುರ ತಲುಪುವ ದಿನವೂ ಸೇರಿ ಮೂರು ದಿನದೊಳಗೆ ಅರೈವಲ್ ಕಾರ್ಡನ್ನು ಆನ್‌ಲೈನ್‌ನಲ್ಲಿ ತುಂಬಬೇಕು. ಇದು ಪೂರ್ತಿ ಉಚಿತ. ಹಣ ಕೇಳುವ ವೆಬ್‌ಸೈಟ್‌ಗಳಿಂದ ದೂರ ಇರಿ. ಪ್ಯಾಕೇಜ್ ಟೂರ್ ಆದರೆ ಹೇಳಿದ ದರದಲ್ಲಿ ಟಿಸಿಎಸ್ ತೆರಿಗೆ ಸೇರಿದೆಯೇ ಎಂದು ಕೇಳಿ, ಯಾರ ಪ್ಯಾನ್ ನಂಬರಿಗೆ ಹಾಕುತ್ತಾರೆ ಎಂದು ಬರೆಸಿಕೊಳ್ಳಿ. ಆ ಹಣವನ್ನು ರಿಟರ್ನ್ಸ್ ಸಲ್ಲಿಸುವಾಗ ಲೆಕ್ಕಕ್ಕೆ ತರಬಹುದು.

ಚೀಲದಲ್ಲಿ ಗಸಗಸೆ ಬೇಡ

ಅಲ್ಲಿರುವ ಮಗಳಿಗೆ, ಸೊಸೆಗೆ ಅಂತ ಅಡುಗೆ ಸಾಮಾನು ಕಟ್ಟುವವರು ಗಮನಿಸಬೇಕು. ಪಾಯಸದ ಗಸಗಸೆ ನಮಗೆ ಅಂಗಡಿ ಸಾಮಾನು. ಸಿಂಗಾಪುರದಲ್ಲಿ ಅದು ಮಾದಕ ವಸ್ತು ನಿಯಂತ್ರಣ ಇಲಾಖೆಯ ಕಣ್ಣಿಗೆ ಬೀಳುವ ಪದಾರ್ಥ. ಒಂದು ಚಮಚವೂ ಬೇಡ. ಅಗಿಯುವ ತಂಬಾಕು, ಗುಟ್ಕಾ, ಇ-ಸಿಗರೇಟ್, ಚ್ಯೂಯಿಂಗ್ ಗಮ್‌ಗೂ ಅಲ್ಲಿ ನಿಷೇಧ. ಒಣ ಕೊಬ್ಬರಿಯನ್ನು ನಮ್ಮ ವಿಮಾನ ನಿಲ್ದಾಣದಲ್ಲೇ ತೆಗೆಸುತ್ತಾರೆ. ಬಿಪಿ, ಶುಗರ್ ಮಾತ್ರೆಗಳ ಜತೆಗೆ ಡಾಕ್ಟರ ಚೀಟಿ ಇರಲಿ. ನಿದ್ರೆ ಮಾತ್ರೆ, ಕೊಡೀನ್ ಇರುವ ಕೆಮ್ಮಿನ ಔಷಧಿಗೆ ಮೊದಲೇ ಅನುಮತಿ ಬೇಕಾಗಬಹುದು, ವಿಚಾರಿಸಿಕೊಳ್ಳಿ.

ಹೊಸೂರು ರಸ್ತೆಯ ಶುಕ್ರವಾರ

ಶುಕ್ರವಾರ ಸಂಜೆ ಹೊಸೂರು, ಅತ್ತಿಬೆಲೆ, ಎಲೆಕ್ಟ್ರಾನಿಕ್ ಸಿಟಿ ದಾಟಿ ದೇವನಹಳ್ಳಿ ಮುಟ್ಟುವುದು ದೊಡ್ಡ ಪರೀಕ್ಷೆ. ರಾತ್ರಿ 11ರ ವಿಮಾನಕ್ಕೆ ಮಧ್ಯಾಹ್ನ ಮೂರಕ್ಕೇ ಊರು ಬಿಟ್ಟರೆ ಎದೆ ಬಡಿತ ಕಡಿಮೆ. ತಮಿಳುನಾಡು ನೋಂದಣಿಯ ಬಾಡಿಗೆ ಗಾಡಿಯಾದರೆ ಕರ್ನಾಟಕಕ್ಕೆ ಪರ್ಮಿಟ್ ಇದೆಯಾ ಎಂದು ಹಿಂದಿನ ದಿನವೇ ನೋಡಿ. 2023ರ ಸೆಪ್ಟೆಂಬರ್‌ನಿಂದ ಅಂತರರಾಷ್ಟ್ರೀಯ ವಿಮಾನಗಳು ಎರಡನೇ ಟರ್ಮಿನಲ್‌ನಿಂದ ಹೊರಡುತ್ತಿವೆ. ಡ್ರೈವರಿಗೆ ಇದನ್ನು ಮೊದಲೇ ಹೇಳಿ.

ಅಲ್ಲಿ ಎರಡು ದಿನ

ಸಿಂಗಾಪುರದ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದೆ. ಬೆಳಿಗ್ಗೆ ಆರರ ಹೊತ್ತಿಗೆ ಇಳಿದರೂ ಹೋಟೆಲ್ ರೂಮು ಸಾಮಾನ್ಯವಾಗಿ ಮಧ್ಯಾಹ್ನವೇ ಕೊಡುವುದು. ಚೀಲ ಅಲ್ಲೇ ಇಟ್ಟು ಹಿರಿಯರನ್ನು ಬೊಟಾನಿಕ್ ಗಾರ್ಡನ್‌ಗೆ ಕರೆದೊಯ್ದರೆ ಖರ್ಚಿಲ್ಲದೆ ನೆರಳು. ಸಂಜೆ ಗಾರ್ಡನ್ಸ್ ಬೈ ದಿ ಬೇಯ ಹೊರಾಂಗಣದಲ್ಲಿ ಬೆಳಕಿನ ಆಟವೂ ಉಚಿತ. ಭಾನುವಾರ ಬೆಳಿಗ್ಗೆ ಬೇಗ ಲಿಟಲ್ ಇಂಡಿಯಾದ ಸೆರಂಗೂನ್ ರಸ್ತೆಗೆ ಹೋದರೆ ವೀರಮಾಕಾಳಿಯಮ್ಮನ್, ಶ್ರೀನಿವಾಸ ಪೆರುಮಾಳ್ ದೇವಸ್ಥಾನ ಎರಡನ್ನೂ ಮುಗಿಸಬಹುದು. ಮಧ್ಯಾಹ್ನದ ಮೇಲೆ ರಜೆಯಲ್ಲಿರುವ ಕಾರ್ಮಿಕರಿಂದ ಆ ಬೀದಿ ತುಂಬಿಹೋಗುತ್ತದೆ. ಆ ಪ್ರದೇಶದಲ್ಲಿ ಶನಿವಾರ ಬೆಳಿಗ್ಗೆ 7ರಿಂದ ಸೋಮವಾರ ಬೆಳಿಗ್ಗೆ 7ರವರೆಗೆ ಬೀದಿಯಲ್ಲಿ ಮದ್ಯ ಕುಡಿಯುವಂತಿಲ್ಲ.

ಮೆಟ್ರೋ ರೈಲಿಗೆ ಬ್ಯಾಂಕ್ ಕಾರ್ಡನ್ನೇ ತೋರಿಸಿ ಒಳಗೆ ಹೋಗಬಹುದು, ಆದರೆ ಒಬ್ಬರಿಗೆ ಒಂದು ಕಾರ್ಡ್. ಒಂದೇ ಕಾರ್ಡಲ್ಲಿ ಹತ್ತು ಜನ ಆಗೋದಿಲ್ಲ. ರೈಲಿನಲ್ಲಿ ಚಕ್ಕುಲಿ ಬಿಚ್ಚಿದರೂ ದಂಡ ಬೀಳಬಹುದು. ಎಲ್ಲರ ಜೇಬಿನಲ್ಲೂ ಹೋಟೆಲ್ ವಿಳಾಸದ ಚೀಟಿ ಇರಲಿ. ಪೊಲೀಸ್ ಸಹಾಯಕ್ಕೆ 999, ಆಂಬುಲೆನ್ಸ್‌ಗೆ 995.

ಒಂದು ಅನುಕೂಲ ಮಾತ್ರ ಗಡಿಯವರಿಗೇ ಉಂಟು. ಸಿಂಗಾಪುರದ ನಾಲ್ಕು ಅಧಿಕೃತ ಭಾಷೆಗಳಲ್ಲಿ ತಮಿಳೂ ಒಂದು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು ಕಲಿತ ಮಕ್ಕಳು ಅಲ್ಲಿನ ಫಲಕಗಳಲ್ಲಿ ಆ ಅಕ್ಷರ ಕಂಡಾಗ ತಾವೇ ಓದಿ ಅಜ್ಜಿಗೆ ಕನ್ನಡದಲ್ಲಿ ಹೇಳಬಲ್ಲರು. ಆದರೆ ಅಜ್ಜಿಯೂ ಜತೆಗೆ ಬರಬೇಕಾದರೆ ಈ ವಾರವೇ ಆಕೆಯ ಆಧಾರ್ ಕಾರ್ಡಿನ ಹೆಸರು ಓದಿ ನೋಡಬೇಕು.