ಕಾರ್ಖಾನೆಯ ಬಾಗಿಲಲ್ಲಿ ಸಂಶೋಧಕ: ಔದ್ಯೋಗಿಕ ಮನೋವಿಜ್ಞಾನದಲ್ಲಿ ಪಿಎಚ್.ಡಿ. ಮತ್ತು ಮುನಿರಾಬಾದ್ ಪರಿಸರ

2024ನೇ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಕ್ರೆಸ್ಟ್ ಗೇಟುಗಳ ಪೈಕಿ 19ನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದುದು ನಮ್ಮ ಸದಸ್ಯ ಮಿತ್ರರೆಲ್ಲರ ನೆನಪಿನಲ್ಲಿರಬಹುದು. ಅನುಭವಿ ತಜ್ಞರಾದ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನ ನಡುವೆಯೇ, ಸುಮಾರು ಒಂದು ವಾರದಲ್ಲಿ ತಾತ್ಕಾಲಿಕ ಸ್ಟಾಪ್‌ಲಾಗ್ ಗೇಟನ್ನು ಇಳಿಸಲಾಯಿತು. ಸರಪಳಿಯ ಲೋಹ, ನೀರಿನ ಒತ್ತಡ, ಗೇಟುಗಳ ವಯಸ್ಸು ಇವುಗಳ ಬಗ್ಗೆ ಆಗ ಬಹಳಷ್ಟು ಚರ್ಚೆ ನಡೆಯಿತು. ಭೋರ್ಗರೆಯುವ ನೀರಿನ ಮೇಲೆ ನಿಂತು ದುಡಿದವರು ಅಪಾಯವನ್ನು ಹೇಗೆ ಅಂದಾಜು ಮಾಡಿದರು, ಆದೇಶವು ಯಾರಿಂದ ಯಾರಿಗೆ ಹೇಗೆ ತಲುಪಿತು, ದಣಿದ ತಂಡವೊಂದು ಪರಸ್ಪರ ನಂಬಿಕೆಯನ್ನು ಹೇಗೆ ಉಳಿಸಿಕೊಂಡಿತು ಎಂಬ ಪ್ರಶ್ನೆಗಳನ್ನು ಎತ್ತಿದವರು ಕಡಿಮೆ. ಇವು ಇಂಜಿನಿಯರಿಂಗ್ ಶಾಸ್ತ್ರದ ವ್ಯಾಪ್ತಿಗೆ ಬರುವ ಪ್ರಶ್ನೆಗಳಲ್ಲ. ಇವುಗಳನ್ನು ಕ್ರಮಬದ್ಧವಾಗಿ ಅಭ್ಯಸಿಸುವ ಶಾಸ್ತ್ರಕ್ಕೆ ಔದ್ಯೋಗಿಕ ಮತ್ತು ಸಾಂಸ್ಥಿಕ ಮನೋವಿಜ್ಞಾನವೆಂದು ಹೆಸರು.

ಈ ವಿಷಯದಲ್ಲಿ ಡಾಕ್ಟರೇಟ್ ಅಧ್ಯಯನವನ್ನು ಕೈಗೊಳ್ಳಬಯಸುವ ನಮ್ಮ ಭಾಗದ ಯುವಕ ಯುವತಿಯರಿಗೂ, ಅವರಿಗೆ ಉದ್ಯೋಗ ನೀಡಿರುವ ಉದ್ಯಮಿಗಳಿಗೂ ಸಂಬಂಧಿಸಿದ ಕೆಲವು ವಿಚಾರಗಳನ್ನು ಇಲ್ಲಿ ಪ್ರಸ್ತಾಪಿಸಲಾಗಿದೆ. ವಿಶ್ವವಿದ್ಯಾಲಯ, ಪ್ರವೇಶ ಪರೀಕ್ಷೆ, ಮಾರ್ಗದರ್ಶಕರು ಇವೆಲ್ಲವೂ ಮುಖ್ಯವೇ ಸರಿ. ಆದರೆ ಈ ಶಾಸ್ತ್ರದ ಪ್ರಯೋಗಾಲಯವು ವಿಶ್ವವಿದ್ಯಾಲಯದಲ್ಲಿಲ್ಲ, ಕಾರ್ಖಾನೆಯಲ್ಲಿದೆ. ಅದರ ಬೀಗದ ಕೈ ಈ ಪತ್ರಿಕೆಯನ್ನು ಓದುತ್ತಿರುವವರ ಬಳಿಯಲ್ಲೇ ಇದೆ.

ಒಂದು ಶಾಸ್ತ್ರದ ಹುಟ್ಟು

ಜರ್ಮನಿಯಿಂದ ಅಮೆರಿಕಕ್ಕೆ ಬಂದು ಹಾರ್ವರ್ಡ್‌ನಲ್ಲಿ ನೆಲೆಸಿದ ಹ್ಯೂಗೋ ಮ್ಯೂನ್‌ಸ್ಟರ್‌ಬರ್ಗ್ ಅವರು ಮನೋವಿಜ್ಞಾನ ಮತ್ತು ಔದ್ಯೋಗಿಕ ದಕ್ಷತೆಯನ್ನು ಕುರಿತು ಬರೆದ ಗ್ರಂಥವು 1913ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾಯಿತು. 1924ರಿಂದ 1932ರವರೆಗೆ ಷಿಕಾಗೋ ಸಮೀಪದ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯ ಹಾಥಾರ್ನ್ ಕಾರ್ಖಾನೆಯಲ್ಲಿ ನಡೆದ ಪ್ರಯೋಗಗಳು ಆಡಳಿತ ನಿರ್ವಹಣೆಯ ಪ್ರತಿಯೊಂದು ಪಠ್ಯಪುಸ್ತಕದಲ್ಲಿಯೂ ಸ್ಥಾನ ಪಡೆದಿವೆ. ಅವುಗಳ ತೀರ್ಮಾನಗಳ ಬಗ್ಗೆ ಇಂದಿಗೂ ವಾದವಿವಾದಗಳಿವೆ ಎಂಬುದು ಬೇರೆ ಮಾತು.

ಭಾರತದಲ್ಲಿ ಕಲ್ಕತ್ತಾ ವಿಶ್ವವಿದ್ಯಾಲಯವು 1916ರಲ್ಲಿ ಮನೋವಿಜ್ಞಾನದ ಬೋಧನೆಯನ್ನು ಆರಂಭಿಸಿತು. ಮೈಸೂರು ವಿಶ್ವವಿದ್ಯಾಲಯದಲ್ಲಿ 1924ರಲ್ಲಿಯೇ ಈ ವಿಭಾಗವು ಆರಂಭವಾದುದು ಕನ್ನಡಿಗರು ಹೆಮ್ಮೆಪಡಬೇಕಾದ ಸಂಗತಿ. ಅದರ ಮುಖ್ಯಸ್ಥರಾಗಿದ್ದ ಎಂ. ವಿ. ಗೋಪಾಲಸ್ವಾಮಿ ಅವರು ಲಂಡನ್ನಿನಲ್ಲಿ ಸ್ಪಿಯರ್‌ಮನ್ ಅವರ ಬಳಿ ಅಧ್ಯಯನ ಮಾಡಿ ಬಂದವರು. 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರವನ್ನು ಆರಂಭಿಸಿ ‘ಆಕಾಶವಾಣಿ’ ಎಂಬ ಹೆಸರನ್ನು ನಾಡಿಗೆ ಪರಿಚಯಿಸಿದವರೂ ಅವರೇ.

ಆದರೆ ಉದ್ಯಮಿಗಳು ವಿಶೇಷವಾಗಿ ತಿಳಿಯಬೇಕಾದುದು ಅಹಮದಾಬಾದಿನ ಕಥೆಯನ್ನು. ತುಂಗಭದ್ರಾ ಜಲಾಶಯವು ಕಾರ್ಯಾರಂಭ ಮಾಡಿದ 1953ರಲ್ಲಿಯೇ, ಲಂಡನ್ನಿನ ಟಾವಿಸ್ಟಾಕ್ ಸಂಸ್ಥೆಯ ಎ. ಕೆ. ರೈಸ್ ಅವರು ಅಲ್ಲಿನ ಕ್ಯಾಲಿಕೋ ಮಿಲ್ಲಿಗೆ ಬಂದರು. ಹೊಸ ಸ್ವಯಂಚಾಲಿತ ಮಗ್ಗಗಳನ್ನು ಹಾಕಿದ್ದರೂ ನಿರೀಕ್ಷಿತ ಉತ್ಪಾದನೆ ದೊರೆತಿರಲಿಲ್ಲ. ಯಂತ್ರದಲ್ಲಿ ದೋಷವಿರಲಿಲ್ಲ. ಒಬ್ಬೊಬ್ಬ ಕಾರ್ಮಿಕನಿಗೆ ಒಂದೊಂದು ತುಣುಕು ಕೆಲಸವನ್ನು ಹಂಚಿಕೊಟ್ಟಿದ್ದರಿಂದ ಇಡೀ ಮಗ್ಗಕ್ಕೆ ಹೊಣೆಗಾರರೇ ಇಲ್ಲದಂತಾಗಿತ್ತು. ಕಾರ್ಮಿಕರನ್ನು ಸಣ್ಣ ಸಣ್ಣ ಗುಂಪುಗಳಾಗಿಸಿ, ಒಂದೊಂದು ಗುಂಪಿಗೆ ಒಂದಷ್ಟು ಮಗ್ಗಗಳ ಪೂರ್ಣ ಹೊಣೆಯನ್ನು ವಹಿಸಿದಾಗ ಉತ್ಪಾದನೆ ಹೆಚ್ಚಿತು, ಬಟ್ಟೆಯ ಹಾನಿ ಇಳಿಯಿತು. ರೈಸ್ ಅವರು 1958ರಲ್ಲಿ ಇದನ್ನು ಗ್ರಂಥರೂಪದಲ್ಲಿ ಪ್ರಕಟಿಸಿದರು. ಅದೇ ನಗರದ ಜವಳಿ ಸಂಶೋಧನಾ ಸಂಘವಾದ ಅಟಿರಾದಲ್ಲಿ ಗಿರಣಿ ಕಾರ್ಮಿಕರ ಮನೋಧರ್ಮವನ್ನು ಅಭ್ಯಸಿಸಿದ ಕಮಲಾ ಚೌಧರಿ ಅವರು ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಡಾಕ್ಟರೇಟ್ ಪದವೀಧರೆ. ಮುಂದೆ ಅಹಮದಾಬಾದಿನ ಐಐಎಂನ ಆರಂಭದ ಅಧ್ಯಾಪಕರಲ್ಲಿ ಒಬ್ಬರು.

ಎರಿಕ್ ಮಿಲ್ಲರ್ ಅವರು 1970ರಲ್ಲಿ ಮತ್ತೆ ಅದೇ ಗಿರಣಿಗೆ ಹೋಗಿ ನೋಡಿ 1975ರಲ್ಲಿ ಪ್ರಕಟಿಸಿದ ವರದಿಯು ಇನ್ನೂ ಸ್ವಾರಸ್ಯಕರವಾಗಿದೆ. ಒಂದು ಶೆಡ್ಡಿನಲ್ಲಿ ಗುಂಪು ಪದ್ಧತಿಯು ಹೆಚ್ಚುಕಡಿಮೆ ಹಾಗೆಯೇ ಉಳಿದುಬಂದಿತ್ತು, ಉಳಿದೆಡೆ ಸವೆದುಹೋಗಿತ್ತು. ಒಮ್ಮೆ ಬಂದು ಸಲಹೆ ನೀಡಿ ಹೋಗುವ ಸಲಹೆಗಾರರಿಗೂ ವರ್ಷಗಟ್ಟಲೆ ಬೆನ್ನುಹತ್ತಿ ನೋಡುವ ಸಂಶೋಧಕರಿಗೂ ಇರುವ ವ್ಯತ್ಯಾಸವು ಇದರಿಂದ ಸ್ಪಷ್ಟವಾಗುತ್ತದೆ. ಈ ಎಲ್ಲ ಜ್ಞಾನವೂ ಲಭ್ಯವಾದುದು ಗಿರಣಿಯ ಮಾಲೀಕರು ಬಾಗಿಲು ತೆರೆದುದರಿಂದ ಎಂಬುದನ್ನು ಮರೆಯುವಂತಿಲ್ಲ.

ನಮ್ಮ ಸುತ್ತಲಿನ ಪ್ರಶ್ನೆಗಳು

ಇನ್ನು ಮುನಿರಾಬಾದಿಗೆ ಬರೋಣ. ಅಣೆಕಟ್ಟಿನ ಎಡದಂಡೆಯ ಈ ಊರಿನಲ್ಲಿ ಜಲವಿದ್ಯುದಾಗಾರವಿದೆ. ಸಮೀಪದ ಬೇವಿನಹಳ್ಳಿಯಲ್ಲಿ ಕಿರ್ಲೋಸ್ಕರ್ ಫೆರಸ್, ಗಿಣಿಗೇರಿಯಲ್ಲಿ ಹೊಸಪೇಟೆ ಸ್ಟೀಲ್ಸ್ ಇವೆ. ಆಚೆ ಗಂಗಾವತಿಯ ಅಕ್ಕಿ ಗಿರಣಿಗಳು. ಈಚೆ ಭಾನಾಪುರದಲ್ಲಿ ತಲೆಯೆತ್ತಿರುವ ಆಟಿಕೆ ತಯಾರಿಕಾ ಕ್ಲಸ್ಟರ್. ಮುನಿರಾಬಾದಿನಲ್ಲಿದ್ದ ಸಾಲಾರ್ ಜಂಗ್ ಸಕ್ಕರೆ ಕಾರ್ಖಾನೆಯು ಇಂದು ನಡೆಯುತ್ತಿಲ್ಲ. ಕಬ್ಬಿನ ಖರೀದಿಯ ಮೇಲಿನ ತೆರಿಗೆಯನ್ನು ಕುರಿತು ಅದು ಮೈಸೂರು ಸರ್ಕಾರದ ವಿರುದ್ಧ ಸರ್ವೋಚ್ಚ ನ್ಯಾಯಾಲಯದವರೆಗೆ ಹೋರಾಡಿದ ಮೊಕದ್ದಮೆಯನ್ನು 1972ರ ಕಾನೂನು ವರದಿಗಳಲ್ಲಿ ಯಾರು ಬೇಕಾದರೂ ಓದಬಹುದು. ಆದರೆ ಅಲ್ಲಿ ಪಾಳಿಯಲ್ಲಿ ದುಡಿದವರ ಅನುಭವವನ್ನು ಓದಬೇಕೆಂದರೆ ಯಾವ ಪುಸ್ತಕವನ್ನು ತೆರೆಯಬೇಕೆಂದು ಈ ಲೇಖಕನಿಗೆ ತೋಚುತ್ತಿಲ್ಲ.

ಊದುಕುಲುಮೆಯನ್ನು ಮನಸ್ಸಿಗೆ ಬಂದಾಗ ಆರಿಸಿ ಹೊತ್ತಿಸುವಂತಿಲ್ಲ. ಆದುದರಿಂದ ರಾತ್ರಿ ಪಾಳಿಯು ಅನಿವಾರ್ಯ. ವಾರಕ್ಕೊಮ್ಮೆ ಪಾಳಿ ಬದಲಾಗುವುದು ಒಳಿತೋ, ದೀರ್ಘಕಾಲ ಒಂದೇ ಪಾಳಿಯಿರುವುದು ಒಳಿತೋ? ಹಗಲು 40 ಡಿಗ್ರಿ ಬಿಸಿಲಿನಲ್ಲಿ, ತಗಡಿನ ಮಾಡಿನ ಕೆಳಗೆ ಮಲಗಿ ಎದ್ದು ಬಂದ ಕಾರ್ಮಿಕನ ಜಾಗರೂಕತೆ ಎಷ್ಟಿರುತ್ತದೆ? ಕಾಯಂ ನೌಕರನೂ ಗುತ್ತಿಗೆಯ ಕಾರ್ಮಿಕನೂ ಒಂದೇ ಯಂತ್ರದ ಮುಂದೆ ನಿಂತಾಗ, ಸಣ್ಣ ಅವಘಡವೊಂದನ್ನು ಮೇಲಧಿಕಾರಿಗೆ ವರದಿ ಮಾಡುವವರು ಯಾರು, ಮುಚ್ಚಿಡುವವರು ಯಾರು?

ಹುಲಿಗಿಯ ಹುಲಿಗೆಮ್ಮನ ದರ್ಶನಕ್ಕೆ ಹುಣ್ಣಿಮೆಯ ದಿನ ಜನಸಾಗರವೇ ಸೇರುತ್ತದೆ. ಅಂದು ಸುತ್ತಲಿನ ಘಟಕಗಳಲ್ಲಿ ಹಾಜರಾತಿ ಇಳಿಯುವುದೇ? ನಾಟಿಯ ದಿನಗಳಲ್ಲಿ ಇಳಿಯುವುದೇ? ಇಳಿಯುವುದಾದರೆ ಅದನ್ನು ಅಶಿಸ್ತೆಂದು ನೋಟಿಸು ನೀಡುವುದಕ್ಕಿಂತ, ಮೂರು ವರ್ಷಗಳ ಹಾಜರಿ ಪುಸ್ತಕವನ್ನು ಪಂಚಾಂಗದೊಂದಿಗೆ ಹೋಲಿಸಿ ಪಾಳಿಯ ಪಟ್ಟಿಯನ್ನು ರಚಿಸುವುದು ಲಾಭದಾಯಕವಾಗಬಹುದು. ಇದೊಂದೇ ಒಂದು ಮಹಾಪ್ರಬಂಧಕ್ಕೆ ಸಾಕಾಗುವಷ್ಟು ವಿಷಯ.

ಭಾಷೆಯೆಂಬ ತೊಡಕು

ಈ ಕ್ಷೇತ್ರದ ಸಂಶೋಧಕರು ಬಳಸುವ ಪ್ರಶ್ನಾವಳಿಗಳಲ್ಲಿ ಬಹುಪಾಲು ಪಾಶ್ಚಾತ್ಯ ದೇಶಗಳಲ್ಲಿ ರೂಪುಗೊಂಡವು. ಉದಾಹರಣೆಗೆ, ಉದ್ಯೋಗ ತೃಪ್ತಿಯನ್ನು ಅಳೆಯಲು ಸ್ಮಿತ್, ಕೆಂಡಾಲ್ ಮತ್ತು ಹುಲಿನ್ ಅವರು 1969ರಲ್ಲಿ ಪ್ರಕಟಿಸಿದ ಮಾಪನವು ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಅದನ್ನು ಕನ್ನಡಕ್ಕೆ ತಂದರೆ ಸಾಲದು. ಕನ್ನಡದ ಪಠ್ಯವನ್ನು ಬೇರೊಬ್ಬರಿಂದ ಮರಳಿ ಇಂಗ್ಲಿಷಿಗೆ ಭಾಷಾಂತರಿಸಿ ಅರ್ಥವು ಉಳಿದಿದೆಯೇ ಎಂದು ಪರೀಕ್ಷಿಸಬೇಕು. ಅನಂತರ ಸಣ್ಣ ಗುಂಪಿನ ಮೇಲೆ ಪ್ರಯೋಗಿಸಿ, ಅಳತೆಯು ನಂಬಲರ್ಹವೇ ಎಂಬುದನ್ನು ಅಂಕಿಅಂಶಗಳ ಮೂಲಕ ಸಿದ್ಧಪಡಿಸಬೇಕು. ಇಷ್ಟಕ್ಕೇ ಒಂದು ವರ್ಷ ಕಳೆದುಹೋಗಬಹುದು.

ಇಷ್ಟಾದ ಮೇಲೂ ತೊಡಕು ತಪ್ಪುವುದಿಲ್ಲ. ‘ನಿಮ್ಮ ಕೆಲಸದಿಂದ ನಿಮಗೆ ತೃಪ್ತಿಯಿದೆಯೇ?’ ಎಂದು ಗ್ರಂಥಸ್ಥ ಕನ್ನಡದಲ್ಲಿ ಕೇಳಿದರೆ ನಮ್ಮ ಭಾಗದ ಕಾರ್ಮಿಕನು ‘ನಡದೈತ್ರಿ’ ಎನ್ನುತ್ತಾನೆ. ಪ್ರಶ್ನಾವಳಿಯ ಐದು ಅಂಕಣಗಳಲ್ಲಿ ಆ ಉತ್ತರವನ್ನು ಎಲ್ಲಿ ಗುರುತಿಸಬೇಕು? ಅದು ತೃಪ್ತಿಯೋ, ಬೇಸರವೋ, ಅಥವಾ ಪ್ರಶ್ನೆ ಕೇಳಿದವನ ಬಗೆಗಿನ ಎಚ್ಚರಿಕೆಯೋ? ಈ ಒಂದು ಪದದ ಅರ್ಥವನ್ನು ಬಲ್ಲವರು ಈ ನೆಲದಲ್ಲಿ ಬೆಳೆದವರೇ. ಮುನಿರಾಬಾದಿನ ಅಭ್ಯರ್ಥಿಗೆ ಮಹಾನಗರದ ಅಭ್ಯರ್ಥಿಗಿಂತ ಇರುವ ಅನುಕೂಲವು ಇದೇ. ಹೊರ ರಾಜ್ಯಗಳಿಂದ ಬಂದ ಕಾರ್ಮಿಕರಿರುವೆಡೆ ಹಿಂದಿ, ತೆಲುಗು ಆವೃತ್ತಿಗಳೂ ಬೇಕಾಗುತ್ತವೆ.

ಪ್ರಶ್ನಾವಳಿಯನ್ನು ಹಂಚುವವರು ಯಾರು ಎಂಬುದೂ ಅಷ್ಟೇ ಮುಖ್ಯ. ಸಿಬ್ಬಂದಿ ವಿಭಾಗದ ಅಧಿಕಾರಿಯೇ ಸಂಶೋಧಕನಾಗಿ, ಅವನೇ ಹಾಳೆಗಳನ್ನು ಹಂಚಿ ಅವನೇ ಸಂಗ್ರಹಿಸಿದರೆ ಎಲ್ಲರೂ ‘ಸಂಪೂರ್ಣ ತೃಪ್ತಿ’ ಎಂದೇ ಗುರುತು ಹಾಕುವರು. ಹೆಸರಿಲ್ಲದ ಹಾಳೆ, ಮುಚ್ಚಿದ ಪೆಟ್ಟಿಗೆ, ಕಾರ್ಖಾನೆಯ ಹೊರಗಿನ ಸ್ಥಳ, ಭಾಗವಹಿಸದಿರಲು ಪೂರ್ಣ ಸ್ವಾತಂತ್ರ್ಯ ಇವಿಲ್ಲದೆ ದೊರೆತ ಅಂಕಿಅಂಶಗಳಿಂದ ವಿದ್ವತ್ತಿಗೂ ಉದ್ಯಮಕ್ಕೂ ಪ್ರಯೋಜನವಿಲ್ಲ. ಸಾಧ್ಯವಿದ್ದಲ್ಲಿ ತಾನು ದುಡಿಯುವ ಘಟಕವನ್ನು ಬಿಟ್ಟು ಬೇರೊಂದು ಘಟಕದಲ್ಲಿ ಅಧ್ಯಯನ ನಡೆಸುವುದೇ ಲೇಸು. ಅದಕ್ಕೆ ಉದ್ಯಮಿಗಳ ನಡುವೆ ಪರಸ್ಪರ ಸಹಕಾರ ಬೇಕು; ವಾಣಿಜ್ಯ ಮಂಡಳಿಯು ನೆರವಾಗಬಹುದಾದುದು ಇಲ್ಲಿಯೇ.

ನಿಯಮಗಳು

ಪ್ರಸ್ತುತ ಯುಜಿಸಿಯ 2022ರ ನಿಯಮಾವಳಿಯು ಜಾರಿಯಲ್ಲಿದೆ. ಸಾಮಾನ್ಯವಾಗಿ ಸ್ನಾತಕೋತ್ತರ ಪದವಿಯಲ್ಲಿ ಶೇ. 55 ಅಂಕಗಳು ಅವಶ್ಯಕ. ಪರಿಶಿಷ್ಟ ಜಾತಿ, ಪಂಗಡ ಹಾಗೂ ಹಿಂದುಳಿದ ವರ್ಗದವರಿಗೆ ಶೇ. 5ರ ರಿಯಾಯಿತಿಯುಂಟು. ನಾಲ್ಕು ವರ್ಷಗಳ ಪದವಿಯಲ್ಲಿ ಶೇ. 75 ಪಡೆದವರಿಗೂ ಈಗ ಅವಕಾಶವಿದೆ. ಎಂ.ಫಿಲ್. ಪದವಿಯನ್ನು ಕೈಬಿಡಲಾಗಿದೆ. ಅವಧಿ ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ. ಮರುನೋಂದಣಿಯಿಂದ ಇನ್ನೂ 2 ವರ್ಷ. ಮಹಿಳೆಯರಿಗೆ ಮತ್ತು ಶೇ. 40ಕ್ಕಿಂತ ಹೆಚ್ಚು ಅಂಗವೈಕಲ್ಯವುಳ್ಳವರಿಗೆ ಅದರ ಮೇಲೆ ಮತ್ತೆ 2 ವರ್ಷ. 2024ರ ಜೂನ್‌ನಿಂದ ಎನ್‌ಇಟಿ ಅಂಕಗಳನ್ನೂ ಪಿಎಚ್.ಡಿ. ಪ್ರವೇಶಕ್ಕೆ ಪರಿಗಣಿಸುವ ವ್ಯವಸ್ಥೆ ಬಂದಿದೆ. ಜೆಆರ್‌ಎಫ್ ದೊರೆತವರಿಗೆ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ ನಿಗದಿಯಾಗಿದೆ.

ಮೈಸೂರು, ಬೆಂಗಳೂರು, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಗಳಲ್ಲಿ ಮನೋವಿಜ್ಞಾನ ವಿಭಾಗಗಳಿವೆ. ಎಂಬಿಎ ಪದವೀಧರರು ನಿರ್ವಹಣಾಶಾಸ್ತ್ರ ವಿಭಾಗದಲ್ಲಿ ಸಾಂಸ್ಥಿಕ ವರ್ತನೆಯನ್ನು ವಿಷಯವಾಗಿ ಆರಿಸಿಕೊಳ್ಳಬಹುದು. ನಮಗೆ ಸಮೀಪದ ಬಳ್ಳಾರಿಯಲ್ಲಿ 2010ರಲ್ಲಿ ಸ್ಥಾಪಿತವಾದ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯವಿದೆ. ಬೆಂಗಳೂರಿನ ಐಐಎಂ ಹಿಂದೆ ‘ಫೆಲೋ’ ಎಂಬ ಬಿರುದನ್ನಷ್ಟೇ ನೀಡುತ್ತಿತ್ತು. 2018ರ ಜನವರಿಯಲ್ಲಿ ಜಾರಿಗೆ ಬಂದ ಐಐಎಂ ಕಾಯ್ದೆಯ ಅನಂತರ ಪಿಎಚ್.ಡಿ. ಪದವಿಯನ್ನೇ ನೀಡುವ ಅಧಿಕಾರವನ್ನು ಪಡೆದಿದೆ. ಮಾರ್ಗದರ್ಶಕರನ್ನು ಆರಿಸುವ ಮುನ್ನ, ಅವರ ಬಳಿ ಪೂರ್ಣಗೊಂಡ ಪ್ರಬಂಧಗಳನ್ನು ‘ಶೋಧಗಂಗಾ’ ಜಾಲತಾಣದಲ್ಲಿ ಓದಿ ನೋಡುವುದು ಒಳಿತು. ಮನೆಯಲ್ಲಿ ಕುಳಿತೇ ಪಡೆಯಬಹುದೆಂಬ ಆನ್‌ಲೈನ್ ಪಿಎಚ್.ಡಿ.ಗಳ ಜಾಹೀರಾತುಗಳಿಗೆ ಮರುಳಾಗಬಾರದು. ಅವುಗಳಿಗೆ ಯುಜಿಸಿ ಮಾನ್ಯತೆಯಿಲ್ಲ.

ಪದವಿ ಬಂದೊಡನೆ ಸಂಬಳವು ಏರುವುದೆಂಬ ಭರವಸೆಯನ್ನು ಯಾರೂ ನೀಡಲಾರರು. ಅಧ್ಯಾಪನವು ಒಂದು ದಾರಿ. ದೆಹಲಿಯಲ್ಲಿರುವ ರಕ್ಷಣಾ ಮನೋವೈಜ್ಞಾನಿಕ ಸಂಶೋಧನಾ ಸಂಸ್ಥೆ, ಲಖನೌದಲ್ಲಿರುವ ರೈಲ್ವೆ ಸಂಶೋಧನಾ ಸಂಸ್ಥೆಯ ಮನೋತಾಂತ್ರಿಕ ನಿರ್ದೇಶನಾಲಯ ಇವು ಬೇರೆ ಬಗೆಯ ಉದಾಹರಣೆಗಳು. ಮುನಿರಾಬಾದ್ ನಿಲ್ದಾಣವನ್ನು ಹಾದುಹೋಗುವ ರೈಲಿನ ಚಾಲಕರ ಆಯ್ಕೆಯಲ್ಲಿ ಅಭಿಕ್ಷಮತಾ ಪರೀಕ್ಷೆಯೂ ಸೇರಿದೆ ಎಂಬುದು ಬಹಳ ಜನಕ್ಕೆ ತಿಳಿದಿಲ್ಲ. ಕಾರ್ಖಾನೆಗಳಲ್ಲಿಯೂ ಬೇಡಿಕೆ ಹೆಚ್ಚಬಹುದು: 1948ರ ಕಾರ್ಖಾನೆಗಳ ಕಾಯ್ದೆಯ 49ನೇ ಕಲಮು 500 ಕಾರ್ಮಿಕರಿರುವೆಡೆ ಕಲ್ಯಾಣಾಧಿಕಾರಿಯನ್ನು ಕಡ್ಡಾಯಗೊಳಿಸಿತ್ತು, 2025ರ ನವೆಂಬರ್‌ನಲ್ಲಿ ಜಾರಿಗೆ ಬಂದ ಹೊಸ ಸಂಹಿತೆಯು ಆ ಮಿತಿಯನ್ನು 250ಕ್ಕೆ ಇಳಿಸಿದೆ.

ಉದ್ಯಮಿಯ ಸಹಿ

ಉದ್ಯೋಗದಲ್ಲಿದ್ದುಕೊಂಡೇ ಅರೆಕಾಲಿಕವಾಗಿ ಪಿಎಚ್.ಡಿ. ಮಾಡಲು 2022ರ ನಿಯಮಾವಳಿಯು ಅವಕಾಶ ನೀಡಿದೆ. ಅದಕ್ಕೆ ಮಾಲೀಕರ ನಿರಾಕ್ಷೇಪಣಾ ಪತ್ರ ಬೇಕು. ನೌಕರನಿಗೆ ಅರೆಕಾಲಿಕ ಅಧ್ಯಯನಕ್ಕೆ ಅನುಮತಿ ನೀಡಲಾಗಿದೆ, ಅವನ ಕರ್ತವ್ಯಗಳು ಸಂಶೋಧನೆಗೆ ಸಾಕಷ್ಟು ಕಾಲಾವಕಾಶ ನೀಡುತ್ತವೆ, ಅಗತ್ಯಬಿದ್ದರೆ ಪೂರ್ವಭಾವಿ ವ್ಯಾಸಂಗಕ್ಕೆ ಅವನನ್ನು ಬಿಡುಗಡೆ ಮಾಡಲಾಗುವುದು ಎಂದು ಅದರಲ್ಲಿ ತಿಳಿಸಿರಬೇಕು. ಎರಡನೆಯ ವಾಕ್ಯವನ್ನು ಬರೆಯುವಾಗಲೇ ಅನೇಕರ ಲೇಖನಿ ತಡೆಯುತ್ತದೆ. ತಡೆದರೂ ತಪ್ಪಿಲ್ಲ, ಸಮಯ ನೀಡಲಾಗದಿದ್ದರೆ ಸಹಿ ಮಾಡದಿರುವುದೇ ಪ್ರಾಮಾಣಿಕತೆ. ಸಹಿ ಮಾಡಿ ಅನಂತರ ಪ್ರತಿ ಶನಿವಾರವೂ ಮೀಟಿಂಗಿಗೆ ಕರೆದರೆ ಆರು ವರ್ಷಗಳ ಶ್ರಮವು ವ್ಯರ್ಥವಾಗುತ್ತದೆ.

ಮಾಹಿತಿಯನ್ನು ಹೊರಗಿನವರಿಗೆ ಕೊಡಲು ಉದ್ಯಮಿಗಳು ಹಿಂಜರಿಯುವುದು ಸಹಜವೇ. ಪ್ರಬಂಧವು ಕೊನೆಗೆ ಶೋಧಗಂಗಾದಲ್ಲಿ ಎಲ್ಲರಿಗೂ ಲಭ್ಯವಾಗುವುದೆಂಬುದನ್ನು ಅಭ್ಯರ್ಥಿಯು ಆರಂಭದಲ್ಲಿಯೇ ಅವರಿಗೆ ತಿಳಿಸತಕ್ಕದ್ದು. ಸಂಸ್ಥೆಯ ಹೆಸರನ್ನು ಮರೆಮಾಚುವುದು, ವೇತನದಂತಹ ವಿವರಗಳನ್ನು ಗುಂಪು ಸರಾಸರಿಯಾಗಿ ಮಾತ್ರ ನೀಡುವುದು, ಕರಡನ್ನು ಮಾಲೀಕರಿಗೆ ಮೊದಲು ತೋರಿಸಿ ವಾಸ್ತವಾಂಶದ ತಪ್ಪುಗಳನ್ನು ತಿದ್ದಲು ಒಂದು ತಿಂಗಳು ಕೊಡುವುದು ಇವುಗಳನ್ನು ಒಂದು ಪುಟದ ಒಪ್ಪಂದದಲ್ಲಿ ಬರೆದುಕೊಳ್ಳಬಹುದು. ತೀರ್ಮಾನಗಳನ್ನು ತಿದ್ದುವ ಹಕ್ಕು ಮಾಲೀಕರಿಗೆ ಇರಕೂಡದು. ಕಾರ್ಮಿಕ ಸಂಘಕ್ಕೂ ಅದೇ ಒಪ್ಪಂದದ ಪ್ರತಿಯನ್ನು ನೀಡಿದರೆ ಅರ್ಧದಷ್ಟು ಸಂಶಯ ನಿವಾರಣೆಯಾಗುತ್ತದೆ. ಅಂತಿಮ ಮೌಖಿಕ ಪರೀಕ್ಷೆಯು ಮುಕ್ತವಾಗಿ ನಡೆಯುವುದರಿಂದ ಆಸಕ್ತ ತಜ್ಞರೂ ಅಲ್ಲಿ ಹಾಜರಿರಬಹುದು. ಕಾರ್ಖಾನೆಯ ವ್ಯವಸ್ಥಾಪಕರೊಬ್ಬರು ಅಂದು ಧಾರವಾಡಕ್ಕೋ ಬಳ್ಳಾರಿಗೋ ಹೋಗಿ ಕುಳಿತರೆ, ತಮ್ಮ ರಾತ್ರಿ ಪಾಳಿಯ ಬಗ್ಗೆ ತಮಗೇ ತಿಳಿಯದ ಒಂದೆರಡು ಸಂಗತಿಗಳನ್ನು ಕೇಳಿಕೊಂಡು ಬರಬಹುದು.