ಸಮ್ಮೋಹನ: ಸೂಚನೆಯ ಬಲ, ಸೂಚನೆಯ ಮಿತಿ

ಗಮನವನ್ನೆಲ್ಲ ಒಂದೆಡೆ ನೆಟ್ಟು, ಸುತ್ತಲಿನ ಗೊಡವೆ ಬಿಟ್ಟು, ಇನ್ನೊಬ್ಬರು ಕೊಡುವ ಸೂಚನೆಯನ್ನು ಅನುಭವವಾಗಿಸಿಕೊಳ್ಳಲು ಮನಸ್ಸು ಸಿದ್ಧವಾಗಿರುವ ಸ್ಥಿತಿಗೆ ಸಮ್ಮೋಹನ ಎಂದು ಹೆಸರು. ನೋಡುವವರಿಗೆ ಅದು ನಿದ್ದೆಯಂತೆ ಕಂಡರೂ, ಆ ಹೊತ್ತಿನಲ್ಲಿ ಮೆದುಳಿನ ವಿದ್ಯುತ್ ಅಲೆಗಳು ಎಚ್ಚರದಲ್ಲಿರುವವರ ಅಲೆಗಳನ್ನೇ ಹೋಲುತ್ತವೆ.

18ನೆಯ ಶತಮಾನದಲ್ಲಿ ವೈದ್ಯ ಫ್ರಾನ್ಜ್ ಮೆಸ್ಮರ್ ಕಣ್ಣಿಗೆ ಕಾಣದ ಒಂದು ‘ಕಾಂತದ್ರವ’ದಿಂದ ರೋಗ ಗುಣಪಡಿಸುವುದಾಗಿ ಸಾರುತ್ತಿದ್ದರು. ಇದನ್ನು ಪರೀಕ್ಷಿಸಲು 1784ರಲ್ಲಿ ಫ್ರಾನ್ಸಿನ ದೊರೆ ನೇಮಿಸಿದ ಸಮಿತಿಯಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಮತ್ತು ರಸಾಯನವಿಜ್ಞಾನಿ ಲವಾಸಿಯೆ ಇದ್ದರು. ತೋಟದ ಒಂದು ಮರಕ್ಕೆ ಈ ‘ದ್ರವ’ ತುಂಬಿಸಲಾಯಿತು; ಹುಡುಗನೊಬ್ಬನ ಕಣ್ಣಿಗೆ ಬಟ್ಟೆ ಕಟ್ಟಿ ಮರದಿಂದ ಮರಕ್ಕೆ ನಡೆಸಲಾಯಿತು. ಅವನು ಮೂರ್ಛೆ ಹೋದದ್ದು ಬೇರೆಯೇ ಮರದ ಬಳಿ. ದ್ರವವೆಂಬುದಿಲ್ಲ, ಇದೆಲ್ಲ ಕಲ್ಪನೆಯ ಕೆಲಸ ಎಂದು ಸಮಿತಿ ತೀರ್ಪಿತ್ತಿತು. 1840ರ ದಶಕದಲ್ಲಿ ಮ್ಯಾಂಚೆಸ್ಟರಿನ ಶಸ್ತ್ರವೈದ್ಯ ಜೇಮ್ಸ್ ಬ್ರೇಡ್, ಇಂಥ ಸಮ್ಮೋಹಿತ ಸ್ಥಿತಿಯ ಮೂಲ ಗಮನದ ಏಕಾಗ್ರತೆಯಲ್ಲಿದೆ ಎಂದು ವಿವರಿಸಿದರು.

ಸಮ್ಮೋಹನಕ್ಕೆ ಒಳಗಾಗುವ ಗುಣ ಎಲ್ಲರಲ್ಲೂ ಒಂದೇ ಸಮನಿಲ್ಲ. ಅದನ್ನು ಅಳೆಯಲು 1959ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ 12 ಪರೀಕ್ಷೆಗಳ ಮಾಪಕವೊಂದು ಸಿದ್ಧವಾಯಿತು. ಚಾಚಿದ ಕೈ ತಾನಾಗಿ ಇಳಿಯುವುದು, ಹೆಣೆದ ಬೆರಳುಗಳನ್ನು ಬಿಡಿಸಲಾಗದಿರುವುದು, ಇಲ್ಲದ ನೊಣ ಗುಂಯ್‌ಗುಟ್ಟುವುದು ಅವುಗಳಲ್ಲಿ ಕೆಲವು. ಸುಮಾರು ಶೇ. 10ರಿಂದ 15ರಷ್ಟು ಮಂದಿ ಇಂಥ ಸೂಚನೆಗಳಿಗೆ ಬಲವಾಗಿ ಸ್ಪಂದಿಸುತ್ತಾರೆ. ಹೆಚ್ಚಿನವರು ನಡುವೆ ಬರುತ್ತಾರೆ. ಕೆಲವರು ಸ್ಪಂದಿಸುವುದೇ ಇಲ್ಲ ಎನ್ನಬಹುದು. ಹತ್ತಾರು ವರ್ಷ ಕಳೆದರೂ ಒಬ್ಬರ ಅಂಕ ಹೆಚ್ಚು ಬದಲಾಗುವುದಿಲ್ಲ. ಆದ್ದರಿಂದ ಫಲಿತಾಂಶವು ಸಮ್ಮೋಹನ ಮಾಡುವವರಿಗಿಂತ ಒಳಗಾಗುವವರನ್ನೇ ಹೆಚ್ಚು ಅವಲಂಬಿಸಿದೆ.

ಅನುಭವ ಬದಲಾಗುವುದು ಬರೀ ನಟನೆಯಲ್ಲ. ಕೆನಡಾದ ಪಿಯೆರ್ ರೆನ್‌ವಿಲ್ ಮತ್ತು ಸಂಗಡಿಗರು 1997ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕೈಯನ್ನು ತುಂಬ ಬಿಸಿಯಾದ ನೀರಿನಲ್ಲಿಟ್ಟವರಿಗೆ ನೋವಿನ ಸಂಕಟ ಕಡಿಮೆ ಅಥವಾ ಹೆಚ್ಚು ಎನ್ನಿಸುವಂತೆ ಸೂಚನೆ ಕೊಡಲಾಯಿತು. ಅದಕ್ಕೆ ತಕ್ಕಂತೆ, ನೋವಿನ ಸಂಕಟಕ್ಕೆ ಸಂಬಂಧಿಸಿದ, ಮೆದುಳಿನ ಮುಂಭಾಗದ ಸಿಂಗ್ಯುಲೇಟ್ ತೊಗಟೆಯ ಚಟುವಟಿಕೆ ಏರಿಳಿಯಿತು. ಸ್ಪರ್ಶದ ಸುದ್ದಿ ಮೊದಲು ತಲುಪುವ ಭಾಗದಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಕ್ಲೋರೋಫಾರ್ಮ್ ಬರುವ ಮುನ್ನ, 1845ರಲ್ಲಿ, ಬಂಗಾಳದ ಹೂಗ್ಲಿಯಲ್ಲಿ ಜೇಮ್ಸ್ ಎಸ್ಡೇಲ್ ಎಂಬ ವೈದ್ಯರು ಇದೇ ಬಗೆಯ ವಿಧಾನದಿಂದ ಶಸ್ತ್ರಚಿಕಿತ್ಸೆ ನಡೆಸಿದ್ದರು. ಇಂದು ನೋವು, ಆತಂಕ ಮತ್ತು ಕೆರಳುವ ಕರುಳಿನ ತೊಂದರೆಗೆ ಸಮ್ಮೋಹನವನ್ನು ಪೂರಕ ಚಿಕಿತ್ಸೆಯಾಗಿ ಬಳಸುತ್ತಾರೆ.

ಸೂಚನೆಗೆ ಮಿತಿಗಳೂ ಉಂಟು. ಮೊದಲನೆಯದು ಇಚ್ಛೆಯದು. ಮಾರ್ಟಿನ್ ಓರ್ನ್ ಮತ್ತು ಫ್ರೆಡರಿಕ್ ಇವಾನ್ಸ್ 1965ರಲ್ಲಿ ವರದಿ ಮಾಡಿದ ಪ್ರಯೋಗದಲ್ಲಿ, ಸಮ್ಮೋಹಿತರು ಹೇಳಿದ ಕೂಡಲೇ ವಿಷದ ಹಾವಿನತ್ತ ಕೈ ಚಾಚಿದರು, ಪ್ರಯೋಗ ನಡೆಸುವವರ ಮೇಲೆ ಆಮ್ಲ ಎರಚಲೂ ಮುಂದಾದರು. ಆದರೆ ಸಮ್ಮೋಹಿತರಂತೆ ನಟಿಸಿದವರೂ ಅದನ್ನೇ ಮಾಡಿದರು. ಪ್ರಯೋಗಶಾಲೆಯಲ್ಲಿ ಯಾರಿಗೂ ಅಪಾಯವಾಗಲು ಬಿಡುವುದಿಲ್ಲ ಎಂಬ ಭರವಸೆಯೇ ಅವರಿಗೆ ಧೈರ್ಯ ಕೊಟ್ಟಿತ್ತು. ಹೀಗಾಗಿ, ಸಮ್ಮೋಹನವು ಮನುಷ್ಯನನ್ನು ಯಂತ್ರದ ಬೊಂಬೆಯಾಗಿಸುತ್ತದೆ ಎನ್ನಲು ಈ ವರ್ತನೆ ಪುರಾವೆಯಾಗುವುದಿಲ್ಲ.

ಎರಡನೆಯದು ನೆನಪಿನದು. ಸಮ್ಮೋಹನದಲ್ಲಿ ಜನ ಹೆಚ್ಚು ವಿವರ ಹೇಳುತ್ತಾರೆ. ಅದರಲ್ಲಿ ತಪ್ಪೂ ಸೇರಿರುತ್ತದೆ, ಆ ತಪ್ಪಿನ ಬಗ್ಗೆ ಖಚಿತತೆಯೂ ಬೆಳೆಯುತ್ತದೆ. 1983ರ ಅಧ್ಯಯನವೊಂದರಲ್ಲಿ, ಹಿಂದೊಂದು ರಾತ್ರಿ ದೊಡ್ಡ ಸದ್ದು ಕೇಳಿಸಿತ್ತು ಎಂದು 27 ಮಂದಿಗೆ ಸೂಚಿಸಿದಾಗ, ಅವರಲ್ಲಿ 13 ಮಂದಿ ಆಮೇಲೂ ಅದು ನಡೆದದ್ದೇ ಎಂದರು. ‘ಪೂರ್ವಜನ್ಮ’ದ ಕಥೆಗಳೂ ಕೇಳುವವರ ನಿರೀಕ್ಷೆಗೆ ತಕ್ಕಂತೆ ರೂಪ ತಳೆಯುತ್ತವೆ.

ಮೂರನೆಯದು ದೇಹದ್ದು. ನೋವಿನ ಅನುಭವವನ್ನು ಸೂಚನೆ ತಗ್ಗಿಸಬಲ್ಲದು. ಗೆಡ್ಡೆಯನ್ನೋ ಸೋಂಕನ್ನೋ ವಾಸಿಮಾಡಲಾರದು. ಆದ್ದರಿಂದ ಸಮ್ಮೋಹನದ ನೆರವು ಬೇಕೆನಿಸಿದವರು ರೋಗದ ಮೂಲವನ್ನು ಮೊದಲು ವೈದ್ಯರಿಂದ ತಿಳಿದುಕೊಂಡು, ಆಮೇಲೆ ತರಬೇತಿ ಪಡೆದ ಮನೋವೈದ್ಯರನ್ನೋ ಮನೋವಿಜ್ಞಾನಿಯನ್ನೋ ಕಾಣಬೇಕು.